ಪಟಿಕದ ಲೆಕ್ಕ

ನನ್ನ ಕೆಲಸ ಕೆಸರನ್ನು ಕೂರಿಸುವುದು.
ತುಂಗೆಯ ದಡದ ಈ ಘಟಕದಲ್ಲಿ ಹತ್ತೊಂಬತ್ತು ವರ್ಷದಿಂದ
ಆರು ಗಾಜಿನ ಜಾಡಿ, ಆರು ಪುಟ್ಟ ಹುಟ್ಟು, ಒಂದು ಮೋಟಾರು.
ಒಂದೊಂದು ಜಾಡಿಗೆ ಒಂದೊಂದು ಅಳತೆ ಪಟಿಕ,
ಮೊದಲನೆಯದಕ್ಕೆ ಏನೂ ಇಲ್ಲ.
ಕಾಲು ಗಂಟೆ ತಿರುಗಿಸಿ, ಅರ್ಧ ಗಂಟೆ ಸುಮ್ಮನೆ ಬಿಟ್ಟು,
ಯಾವುದು ತಿಳಿಯಾಯಿತೋ ಆ ಅಳತೆಯನ್ನು
ಶಿವಮೊಗ್ಗದ ಬಾಯಿಗೆ ಬರೆದುಕೊಡುತ್ತೇನೆ.

ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾರೆ.
ಪಾನದ ಖರ್ಚು ನನ್ನ ರಿಜಿಸ್ಟರಿನಲ್ಲಿದೆ.

ಹುಲ್ಕೋಡು ಗುಡ್ಡದ ಅರ್ಧ ತಲೆ ಬೋಳಿಸಿದ ವರ್ಷ
ಜುಲೈ ಹನ್ನೊಂದರ ಬೆಳಗ್ಗೆ
ಹೊಳೆ ಚಹಾದ ಬಣ್ಣಕ್ಕೆ ಬಂತು, ಹಾಲು ಹಾಕಿದ ಚಹಾ.
ದಿನಕ್ಕೆ ನಲವತ್ತು ಚೀಲ ಇದ್ದದ್ದು ಎಪ್ಪತ್ತಮೂರು.
ಚೀಲ ಹೊರುವ ದ್ಯಾವಪ್ಪ ಸೊಂಟ ಹಿಡಿದು ನಿಂತು ಕೇಳಿದ:
"ಮೇಲೆ ಏನು ಕಿತ್ತರು ಮೇಡಂ?"
ಆ ಗುಡ್ಡವನ್ನು ಅವನು ಕಂಡವನಲ್ಲ.
ಅವನ ಬೆನ್ನಿಗೆ ಗೊತ್ತಾಗಿತ್ತು.

ಹೋದ ತಿಂಗಳು ಜಿಲ್ಲಾಧಿಕಾರಿ ಕಚೇರಿ, ಎರಡನೇ ಮಹಡಿ.
ಉಳಿದರ್ಧ ಗುಡ್ಡದ ಮೇಲೆ
ವಿದ್ಯುತ್ ಗೋಪುರಗಳು ಹಾಯಬೇಕಂತೆ.
ಪರದೆಯ ಮೇಲೊಂದು ಹಾಳೆ:
ಮರ, ಇಷ್ಟು ಘನ ಮೀಟರು, ಇಷ್ಟು ರೂಪಾಯಿ.
ಉಪ್ಪಾಗೆ, ರಾಮಪತ್ರೆ, ಜೇನು, ಸೇರಿಸಿ ಇಷ್ಟು.
ನೀರು.
ಅದರ ಮುಂದಿನ ಮನೆ ಖಾಲಿ.
ಕೂಡಿಸುವ ಯಂತ್ರ ಖಾಲಿಯನ್ನು ಸೊನ್ನೆ ಎಂದು ಓದುತ್ತದೆ.
ಸಲಹೆಗಾರ್ತಿ ಪ್ರಣೀತಾ ನನ್ನ ಕಡೆ ತಿರುಗಿದರು:
"ಜುಲೇಖಾ ಮೇಡಂ, ನಿಮ್ಮ ಹತ್ತಿರ ಅಂಕಿ ಇದೆಯಂತೆ."

ಇತ್ತು.
ಹೆಚ್ಚುವರಿ ಮೂವತ್ತಮೂರು ಚೀಲ, ಅರವತ್ತೊಂದು ಮಳೆದಿನ,
ಸಾಗಣೆ ಸೇರಿ ಚೀಲಕ್ಕೆ ಎಂಟುನೂರು.
ಹದಿನಾರು ಲಕ್ಷ ಹತ್ತು ಸಾವಿರದ ನಾನೂರು.
ಓದುವಾಗ ದನಿ ನಡುಗಿತು, ಸುಳ್ಳೇಕೆ, ಹೆಮ್ಮೆಗೆ.
ನೀರಿಗೆ ಕೊನೆಗೂ ಒಂದು ಮನೆ ಸಿಕ್ಕಿತ್ತು.
ಪ್ರಣೀತಾ ಒತ್ತಿದರು. ಕೆಳಗೆ ಮೊತ್ತ ಬದಲಾಯಿತು.
ಇಂಜಿನಿಯರು ಕನ್ನಡಕ ಏರಿಸಿ ನೋಡಿ
ನೆಮ್ಮದಿಯ ಉಸಿರು ಬಿಟ್ಟರು:
"ಅಷ್ಟೇ ತಾನೆ?
ಯೋಜನಾ ವೆಚ್ಚಕ್ಕೇ ಸೇರಿಸಿಬಿಡೋಣ. ಪಟಿಕ ಕೊಡಿಸೋಣ."

ಸೊನ್ನೆಯಿದ್ದಾಗ ಗುಡ್ಡವನ್ನು ಯಾರೂ ಎಣಿಸಿರಲಿಲ್ಲ.
ಈಗ ಎಣಿಸಿ, ಕೊಂಡರು.
ದರಚೀಟಿ ಅಂಟಿಸಿ ಬಂದವಳು ನಾನು.

ಭಾನುವಾರ ತೀರ್ಥಹಳ್ಳಿ ಬಸ್ಸು ಹತ್ತಿ ಹೋದೆ.
ವಾಚರ್ ಗುತ್ಯಪ್ಪ ಮುಂದೆ, ಜಿಗಣೆಗೆ ಸುಣ್ಣ ಹಚ್ಚಿಕೊಂಡು ನಾನು ಹಿಂದೆ.
ದರಗಿನೊಳಗೆ ಕೈ ಇಳಿಸಿ ನೋಡಿ ಎಂದ.
ಮಣಿಕಟ್ಟು ಮುಳುಗಿದರೂ ಮಣ್ಣು ಸಿಗಲಿಲ್ಲ,
ತಂಪು, ನೂಲಿನಂಥ ಬಿಳಿ ಬೇರು, ಏನೋ ಹರಿದಾಡಿತು.
ಹಳ್ಳದಂಚಿನಲ್ಲಿ ಏಡಿಯ ಬಿಲಗಳು.
"ಇವು ತೋಡದಿದ್ದರೆ ಮಳೆ ಇಳಿಯೋದೆಲ್ಲಿ?"
ಏಡಿಗೆ ಹಾಳೆಯಲ್ಲಿ ಮನೆಯಿಲ್ಲ ಎಂದು ನಾನು ನಗಲು ಹೊರಟೆ.
ಅವನು ನಗಲಿಲ್ಲ:
"ಕಾಯುವವನ ಸಂಬಳ ಯಾವ ಮನೆಯಲ್ಲಿ ಬರುತ್ತೆ ಮೇಡಂ?
ಮೂರು ತಿಂಗಳಾಯ್ತು."

ರಾತ್ರಿ ಕೂತು ಸಮಿತಿಗೆ ಬರೆದೆ, ತಿದ್ದುಪಡಿ ಎಂದು ಮೇಲೆ ಹಾಕಿ:
ನಾನು ಕೊಟ್ಟದ್ದು ಒಂದು ಘಟಕದ, ಒಂದು ಮಳೆಗಾಲದ,
ಪಟಿಕ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ದಿನಗಳ ಲೆಕ್ಕ.
ಅದು ಗುಡ್ಡದ ಬೆಲೆಯಲ್ಲ.
ಗುಡ್ಡ ಇಲ್ಲದಿರುವುದಕ್ಕೆ ಊರು ಕಟ್ಟುವ ದಂಡದ
ಮೊದಲ ಕಂತು.
ಬೇಸಿಗೆಯ ಹಳ್ಳ ಇದರಲ್ಲಿಲ್ಲ. ಏಡಿ ಇಲ್ಲ. ಗುತ್ಯಪ್ಪ ಇಲ್ಲ.
ದಯವಿಟ್ಟು ಮೊತ್ತದ ಕೆಳಗೆ ಇದನ್ನೂ ಅಚ್ಚು ಹಾಕುವುದು.

ಸ್ವೀಕೃತಿಯ ಮುದ್ರೆ ಬಿದ್ದಿದೆ, ಇಷ್ಟೇ ಸುದ್ದಿ.

ಇವತ್ತು ಬೆಳಗ್ಗೆ ಐದು ಜಾಡಿಗೆ ಹೊಳೆಯ ನೀರು ತುಂಬಿ
ಮೊದಲನೆಯದಕ್ಕೆ ಬಾಟಲಿಯಲ್ಲಿ ತಂದ ಆ ಹಳ್ಳದ್ದು ಸುರಿದೆ.
ಹುಟ್ಟುಗಳು ತಿರುಗಿದವು, ನಿಂತವು.
ದ್ಯಾವಪ್ಪ ಚೀಲ ಇಳಿಸಿ ಬಗ್ಗಿ ನೋಡಿದ.
"ಇದಕ್ಕೆ ಎಷ್ಟು ಹಾಕಿದಿರಿ?"

ರಿಜಿಸ್ಟರು ತೆರೆದೇ ಇದೆ.
ಆ ಮನೆಯನ್ನು ಖಾಲಿ ಬಿಡಲೋ,
ಸೊನ್ನೆ ಬರೆಯಲೋ.